ಕಿವುಡು, ಕಲಿಕೆ, ಕಸಬು

ಮಲೆನಾಡಿನ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತು ಪಾಠ ಕೇಳಿದವರಿಗೆ, ನಾವು ಈಗ ಹೇಳಹೊರಟಿರುವ ಸಂಗತಿಯ ಅರ್ಧಭಾಗ ಮೊದಲೇ ತಿಳಿದಿರುತ್ತದೆ. ಆಷಾಢದ ಮಳೆ ಬಿರುಸಾಗಿ ಹಿಡಿದುಕೊಂಡಿತೆಂದರೆ ಉಪಾಧ್ಯಾಯರ ತುಟಿಗಳು ಅಲುಗುವುದು ಕಾಣುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಮೊದಮೊದಲು ಅವರು ಗಂಟಲು ಏರಿಸುತ್ತಾರೆ. ಅದರಿಂದ ಪ್ರಯೋಜನವಾಗದಿರಲು ಸೀಮೆಸುಣ್ಣವನ್ನು ಕೈಗೆತ್ತಿಕೊಂಡು ಹಲಗೆಯ ಮೇಲೆ ಬರೆಯತೊಡಗುತ್ತಾರೆ. ಆ ಅರ್ಧಗಂಟೆಯ ಮಟ್ಟಿಗೆ ತರಗತಿಯ ಅರುವತ್ತು ಮಂದಿಯೂ ಕಿವುಡರೇ. ಆದರೆ ಅವರು ದಡ್ಡರಾದರೆಂದು ಯಾರೂ ಹೇಳುವುದಿಲ್ಲ. ಇವರಿಗೆ ಭೌತಶಾಸ್ತ್ರ ಒಗ್ಗದು, ಬುಟ್ಟಿ ಹೆಣೆಯುವುದನ್ನು ಕಲಿಸಿರಿ ಎಂದು ಸಲಹೆ ಕೊಡುವವರೂ ಇಲ್ಲ. ಮಾತಿನ ದಾರಿ ಕಟ್ಟಿತು, ಬರಹದ ದಾರಿಯನ್ನು ತೆರೆದರು, ಪಾಠ ಮುಂದುವರಿಯಿತು, ಅಷ್ಟೆ.

ಹುಟ್ಟಿನಿಂದಲೇ ಕಿವಿ ಕೇಳದ, ಅಥವಾ ಅರೆಬರೆಯಾಗಿ ಕೇಳುವ ತರುಣರ ವಿಷಯದಲ್ಲಿ ಮಾತ್ರ ಈ ಸರಳ ವಿವೇಕ ನಮಗೆ ಮರೆತುಹೋಗುತ್ತದೆ. ಶಿವಮೊಗ್ಗ ಭದ್ರಾವತಿಗಳಂಥ ಊರುಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಕಿವುಡ ಹುಡುಗನೋ ಹುಡುಗಿಯೋ ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂಬ ಪ್ರಶ್ನೆಗೆ ಕರುಣೆಯಿಂದ ಉತ್ತರ ಹುಡುಕುವವರು ಹಲವರು. ಲೆಕ್ಕ ಹಾಕಿ ಉತ್ತರ ಹುಡುಕುವವರು ಕಡಮೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಲೆಕ್ಕದ ದಾರಿಯೇ ಹೆಚ್ಚು ಪರಿಚಿತವಾದುದರಿಂದ ಇಲ್ಲಿ ಅದನ್ನೇ ಹಿಡಿಯುತ್ತೇವೆ.

ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಆರೋಗ್ಯವಂತ ಕಿವಿ ಗ್ರಹಿಸಬಲ್ಲ ಅತ್ಯಂತ ಸಣ್ಣ ಏರಿಳಿತ ಸುಮಾರು 20 ಮೈಕ್ರೊಪಾಸ್ಕಲ್. ಎಂದರೆ ವಾಯುಮಂಡಲದ ಒತ್ತಡದ ಐನೂರು ಕೋಟಿಯಲ್ಲಿ ಒಂದು ಪಾಲು. ಇದನ್ನೇ ಸೊನ್ನೆ ಡೆಸಿಬೆಲ್ ಎಂದು ಗುರುತಿಟ್ಟಿದ್ದಾರೆ. ಇಲ್ಲಿಂದ ಮೇಲಕ್ಕೆ 10 ಡೆಸಿಬೆಲ್ ಹತ್ತಿದರೆ ಶಬ್ದದ ತೀವ್ರತೆ ಹತ್ತುಪಟ್ಟು, 20 ಹತ್ತಿದರೆ ನೂರುಪಟ್ಟು, 30 ಹತ್ತಿದರೆ ಸಾವಿರಪಟ್ಟು. ಪಿಸುಮಾತು ಸುಮಾರು 30, ಒಂದು ಮೀಟರು ದೂರದಲ್ಲಿ ಕುಳಿತವರ ಸಾಧಾರಣ ಮಾತು ಸುಮಾರು 60. ವಾಚಕರು ಈ ಏಣಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ನಮ್ಮ ದೇಶದ ಕಾಯಿದೆಯೂ ಇದೇ ಏಣಿಯ ಮೆಟ್ಟಿಲುಗಳನ್ನು ಎಣಿಸಿ ಕಿವುಡನ್ನು ನಿರೂಪಿಸಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಪ್ರಕಾರ, ಮಾತಿನ ಆವೃತ್ತಿಗಳಲ್ಲಿ ಎರಡು ಕಿವಿಗಳಿಗೂ 70 ಡೆಸಿಬೆಲ್ ನಷ್ಟವಾಗಿದ್ದರೆ ಅಂಥವರು ಕಿವುಡರು. 60ರಿಂದ 70ರವರೆಗೆ ನಷ್ಟವಾಗಿದ್ದರೆ ಮಂದಶ್ರವಣರು. 70 ಡೆಸಿಬೆಲ್ ಎಂಬುದು ಕೇಳುವುದಕ್ಕೆ ಸಣ್ಣ ಸಂಖ್ಯೆ. ಅದರ ನಿಜವಾದ ಅರ್ಥವೇನೆಂದರೆ, ಇತರರ ಕಿವಿಗೆ ಆಗತಾನೆ ಕೇಳಿಸತೊಡಗುವ ಶಬ್ದವನ್ನು ಒಂದು ಕೋಟಿಪಟ್ಟು ತೀವ್ರಗೊಳಿಸಿದರೆ ಮಾತ್ರ ಈ ಕಿವಿಗೆ ಅದು ಮುಟ್ಟುತ್ತದೆ.

ಕಿವುಡರೆಂದರೆ ಏನೊಂದೂ ಕೇಳಿಸದವರು ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಅದು ಬಹುಮಟ್ಟಿಗೆ ತಪ್ಪು. ಹಿಂದಿನಿಂದ ಬಂದ ಲಾರಿಯ ಹಾರನ್ನಿಗೆ ತಿರುಗಿ ನೋಡಿದ ಹುಡುಗ, ತಾಯಿ ಹೆಸರು ಹಿಡಿದು ಕರೆದರೆ ಸುಮ್ಮನಿರುತ್ತಾನೆ. ‘ಬೇಕಾದ್ದು ಮಾತ್ರ ಕೇಳಿಸುತ್ತದೆ ಇವನಿಗೆ’ ಎಂಬ ಬೈಗುಳಕ್ಕೆ ಎಷ್ಟು ಮಕ್ಕಳು ಗುರಿಯಾಗಿದ್ದಾರೋ! ಇದರ ಕಾರಣ ಆವೃತ್ತಿಯಲ್ಲಿದೆ. ಅ, ಆ, ಓ ಮುಂತಾದ ಸ್ವರಗಳ ಶಕ್ತಿಯೆಲ್ಲ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿ ಅಡಗಿರುತ್ತದೆ. ಸಕಾರವಾದರೋ ಸೆಕೆಂಡಿಗೆ 4000 ಕಂಪನಗಳಿಗಿಂತ ಮೇಲಿನ, ತೀರ ಕ್ಷೀಣವಾದ ಒಂದು ಸುಯ್ಲು. ಮೇಲಿನ ಆವೃತ್ತಿಗಳನ್ನು ಕಳೆದುಕೊಂಡ ಕಿವಿಗೆ ‘ಸರಿ’ ಎಂದದ್ದು ‘ಅರಿ’ ಎಂದು ಕೇಳುತ್ತದೆ. ಅದು ‘ಹರಿ’ಯೋ ‘ತರಿ’ಯೋ ಎಂದು ಕಿವಿಯ ಒಡೆಯ ಊಹಿಸಬೇಕು. ಗಟ್ಟಿಯಾಗಿ ಕೂಗಿದರೆ ಆಯಿತೆನ್ನುವವರು ಒಂದು ವಿಷಯವನ್ನು ಗಮನಿಸಲಿ: ನಾವು ಕೂಗಿದಾಗ ಬಲಗೊಳ್ಳುವುದು ಸ್ವರಗಳೇ ಹೊರತು ಸಕಾರ ತಕಾರಗಳಲ್ಲ. ಕೂಗುವುದರಿಂದ ಮಾತು ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಅದರೊಡನೆ ಕೂಗುವವನ ಮುಖವೂ ವಿಕಾರವಾಗಿ, ತುಟಿಗಳನ್ನು ನೋಡಿ ತಿಳಿಯುವ ಅವಕಾಶವೂ ಕೆಡುತ್ತದೆ.

ತುಟಿಗಳನ್ನು ಓದುವ ವಿದ್ಯೆಯನ್ನೂ ಕೆಲವರು ಮಂತ್ರವೆಂಬಂತೆ ಹೊಗಳುವುದುಂಟು. ವಾಚಕರು ಕನ್ನಡಿಯ ಮುಂದೆ ನಿಂತು, ಧ್ವನಿ ಹೊರಡಿಸದೆ, ‘ಪಾಡು, ಬಾಡು, ಮಾಡು’ ಎಂಬ ಮೂರು ಶಬ್ದಗಳನ್ನು ಉಚ್ಚರಿಸಿ ನೋಡಬಹುದು. ಮೂರಕ್ಕೂ ತುಟಿಗಳ ಚಲನೆ ಒಂದೇ. ‘ಕಾಡು, ಹಾಡು’ಗಳಲ್ಲಿಯಂತೂ ಮೊದಲಕ್ಷರ ಹುಟ್ಟುವುದು ಗಂಟಲ ಬಳಿ, ಅಲ್ಲಿಗೆ ನೋಟ ಹೋಗುವುದೇ ಇಲ್ಲ. ಸಂದರ್ಭ ಮೊದಲೇ ತಿಳಿದಿದ್ದವರಿಗೆ, ಭಾಷೆ ಚೆನ್ನಾಗಿ ಬರುವವರಿಗೆ, ತುಟಿಯ ಓದು ಒಳ್ಳೆಯ ಊರೆಗೋಲು. ಭಾಷೆಯನ್ನೇ ಇನ್ನೂ ಕಲಿಯದ ಮಗುವಿಗೆ ಅದರಿಂದಲೇ ಭಾಷೆ ಕಲಿತುಕೋ ಎನ್ನುವುದು, ಕೊಡ ತುಂಬಿದ ಮೇಲೆ ಬಾವಿ ತೋಡುತ್ತೇವೆಂದಂತೆ.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಕಿವುಡ ಮಗುವಿಗೆ ನಿಜವಾಗಿ ಕೊರತೆಯಾಗುವುದು ಶಬ್ದವಲ್ಲ, ಭಾಷೆ. ಕೇಳುವ ಮಗು ತೊಟ್ಟಿಲಲ್ಲಿರುವಾಗಲೇ ಮನೆಯವರ ಮಾತುಗಳನ್ನು ಹೀರಿಕೊಳ್ಳತೊಡಗುತ್ತದೆ. ಶಾಲೆಗೆ ಸೇರುವ ಹೊತ್ತಿಗೆ ಸಾವಿರಾರು ಶಬ್ದಗಳೂ ಕನ್ನಡದ ವಿಭಕ್ತಿಗಳೆಲ್ಲವೂ ಯಾರೂ ಕಲಿಸದೆಯೇ ಅದಕ್ಕೆ ಬಂದಿರುತ್ತವೆ. ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕೇಳುವ ತಂದೆತಾಯಿಗಳಿಗೆ. ಅವರಿಗೆ ಮಗುವಿನ ಕಿವುಡು ತಿಳಿಯುವುದು ಎಷ್ಟೋ ವೇಳೆ ಎರಡು ಮೂರು ವರ್ಷಗಳಾದ ಮೇಲೆ. ಆ ವರ್ಷಗಳಲ್ಲಿ ಮಗುವಿಗೆ ಬಾಯಿಯ ಭಾಷೆಯೂ ಇಲ್ಲ, ಕೈಯ ಭಾಷೆಯೂ ಇಲ್ಲ. ಅಮೆರಿಕದಲ್ಲಿ ಯೋಶಿನಾಗ-ಇಟಾನೊ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಿಳಿಯಾಗಿ ತೋರಿಸಿತು: ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಗಣನೀಯವಾಗಿ ಮುಂದಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಕೆಲಸದ ಅರ್ಜಿಯನ್ನು ಬರೆಯಲು ತೊಡಕಾಗುವ ಯುವಕನ ಕಷ್ಟದ ಬೇರು ಹದಿನೆಂಟು ತಿಂಗಳ ವಯಸ್ಸಿನಲ್ಲಿರುತ್ತದೆ. ‘ಕಿವುಡ’ನ ಜೊತೆಗೆ ‘ಮೂಗ’ ಎಂಬ ಪದವನ್ನು ಅಂಟಿಸುವ ನಮ್ಮ ರೂಢಿಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಆ ಮಕ್ಕಳ ಗಂಟಲು, ನಾಲಿಗೆ, ಶ್ವಾಸಕೋಶಗಳಲ್ಲಿ ಸಾಮಾನ್ಯವಾಗಿ ಯಾವ ದೋಷವೂ ಇರುವುದಿಲ್ಲ.

ಆದರೆ ಹಸುಗೂಸಿನ ಕಿವಿಯನ್ನು ಪರೀಕ್ಷಿಸುವುದು ಹೇಗೆ? ಕೇಳಿಸಿತೇ ಎಂದರೆ ಅದು ಹೇಳಲಾರದಷ್ಟೆ. ಇದಕ್ಕೆ ಉತ್ತರ ದೊರೆತದ್ದು ಬಹು ಸ್ವಾರಸ್ಯವಾದ ರೀತಿಯಲ್ಲಿ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ಭೌತವಿಜ್ಞಾನಿ, ಕಿವಿಯೊಳಕ್ಕೆ ಒಂದು ಸಣ್ಣ ‘ಟಿಕ್’ ಶಬ್ದವನ್ನು ಕಳುಹಿಸಿದರೆ ಕೆಲವು ಮಿಲಿಸೆಕೆಂಡುಗಳ ತರುವಾಯ ಕಿವಿಯೇ ಒಂದು ಕ್ಷೀಣ ಶಬ್ದವನ್ನು ಮರಳಿ ಹೊರಡಿಸುತ್ತದೆಂಬುದನ್ನು ಕಂಡುಹಿಡಿದನು. ಒಳಗಿವಿಯ ಶಂಖಾಕಾರದ ಕಾಕ್ಲಿಯದಲ್ಲಿ ಸಾವಿರಾರು ರೋಮಕೋಶಗಳಿವೆ. ಅವುಗಳಲ್ಲಿ ಹೊರಸಾಲಿನವು ಶಬ್ದ ಬಂದಾಗ ತಾವೂ ಕುಣಿದು ಅದನ್ನು ವರ್ಧಿಸುತ್ತವೆ. ಆ ಕುಣಿತದ ಮಾರ್ದನಿಯೇ ಹೊರಗೆ ಕೇಳಿಬರುವುದು. ಕಿವಿ ಬರಿಯ ಮೈಕ್ರೊಫೋನಲ್ಲ, ಧ್ವನಿವರ್ಧಕವೂ ಹೌದು! ಮಗು ನಿದ್ರಿಸುತ್ತಿರುವಾಗ ಕಿವಿಯಲ್ಲಿ ಮೃದುವಾದ ಶೋಧಕವೊಂದನ್ನಿಟ್ಟು ಕೆಲವು ನಿಮಿಷಗಳಲ್ಲಿ ಈ ಮಾರ್ದನಿಯನ್ನು ಹುಡುಕಬಹುದು. ಮಾರ್ದನಿ ಬಾರದಿದ್ದರೆ ಕೂಲಂಕಷವಾದ ಪರೀಕ್ಷೆ ಬೇಕೆಂದರ್ಥ. ಒಂದು ತಿಂಗಳೊಳಗೆ ಈ ಶೋಧನೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ನೆರವು ಎಂಬುದು ಈಗ ಜಗತ್ತಿನಾದ್ಯಂತ ತಜ್ಞರು ಒಪ್ಪಿರುವ ಕ್ರಮ. ಇಂಥ ವಿದ್ಯೆಯಲ್ಲಿ ದೇಶಕ್ಕೇ ಮುಂದಾಳಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲಿಯೇ ಇದೆ.

ನೆರವೆಂದರೆ ಯಂತ್ರವೊಂದೇ ಅಲ್ಲ. ಶ್ರವಣಯಂತ್ರ ಶಬ್ದವನ್ನು ವರ್ಧಿಸುತ್ತದೆ. ಆದರೆ ರೋಮಕೋಶಗಳೇ ನಾಶವಾಗಿದ್ದರೆ ವರ್ಧಿಸಿದ ಶಬ್ದವನ್ನು ಬಿಡಿಸಿ ನೋಡುವವರಾರು? ಅಂಥಲ್ಲಿ ಕಾಕ್ಲಿಯಕ್ಕೆ ಇಪ್ಪತ್ತರಷ್ಟು ವಿದ್ಯುದಗ್ರಗಳನ್ನು ತೂರಿಸಿ ನರವನ್ನು ನೇರವಾಗಿ ಪ್ರಚೋದಿಸುವ ಶಸ್ತ್ರಚಿಕಿತ್ಸೆಯುಂಟು. ಅದೂ ಚಿಕ್ಕಂದಿನಲ್ಲಿ ಆದಷ್ಟೂ ಫಲ ಹೆಚ್ಚು. ಇವೆರಡರೊಡನೆ, ಅಥವಾ ಇವೆರಡೂ ಒದಗದಿದ್ದಲ್ಲಿ, ಸನ್ನೆಭಾಷೆಯಿದೆ. ಇದನ್ನು ಬರಿಯ ಕೈಬಾಯಿ ಸನ್ನೆಯೆಂದು ತಿಳಿಯುವವರೇ ಬಹಳ. ಅದು ಹಾಗಲ್ಲ. ಸನ್ನೆಭಾಷೆಗಳಿಗೂ ಧ್ವನಿಭಾಷೆಗಳಂತೆಯೇ ಕ್ರಮಬದ್ಧವಾದ ರಚನೆಯಿದೆಯೆಂಬುದನ್ನು ವಿಲಿಯಂ ಸ್ಟೋಕೋ ಎಂಬ ವಿದ್ವಾಂಸ 1960ರಲ್ಲಿ ತೋರಿಸಿಕೊಟ್ಟನು. ಭಾರತೀಯ ಸನ್ನೆಭಾಷೆಗೂ ತನ್ನದೇ ವ್ಯಾಕರಣವುಂಟು: ನಾವು ‘ನೀನು ಎಲ್ಲಿಗೆ ಹೋಗುತ್ತೀಯೆ?’ ಎಂದರೆ, ಅದರಲ್ಲಿ ‘ಎಲ್ಲಿ’ ಎಂಬ ಪ್ರಶ್ನಾಪದ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು ಕಣ್ಣುಗಳ ಚಲನೆಯೂ ವ್ಯಾಕರಣದ ಭಾಗವಾಗುತ್ತದೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡರ ಶಾಲೆಗಳಲ್ಲಿ ಮಾತೇ ಮೇಲು, ಸನ್ನೆ ಕೂಡದು ಎಂದು ನಿರ್ಣಯಿಸಿತು. ಆ ನಿರ್ಣಯದ ನೆರಳು ಸುಮಾರು ನೂರು ವರ್ಷ ಜಗತ್ತಿನ ಶಾಲೆಗಳ ಮೇಲೆ ಬಿದ್ದಿತ್ತು. ಮಾತೋ ಸನ್ನೆಯೋ ಎಂಬ ವಾದ ಇಂದಿಗೂ ಪೂರಾ ಅಡಗಿಲ್ಲ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇದು ಬಲಗಾಲೋ ಎಡಗಾಲೋ ಎಂಬಂಥ ವಾದ. ಎರಡು ಭಾಷೆಗಳನ್ನು ಬಲ್ಲ ಮಗುವಿಗೆ ನಷ್ಟವಾದದ್ದನ್ನು ನಾವು ಕಾಣೆವು. ಒಂದೂ ಇಲ್ಲದ ಮಗುವಿಗೆ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ನಮ್ಮ ದೇಶದಲ್ಲಿ ಇದಕ್ಕಾಗಿಯೇ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಅದು ಹೊರತಂದ ನಿಘಂಟು 2021ರ ವೇಳೆಗೆ ಹತ್ತು ಸಾವಿರ ಪದಗಳಿಗೆ ಬೆಳೆಯಿತು.

ಮಗು ಬೆಳೆದು ಶಾಲೆಗೆ ಬಂದಿತೆನ್ನೋಣ. ಇಲ್ಲಿ ಎದುರಾಗುವ ಅಡ್ಡಿ ಗೋಡೆಗಳದು. ಒಂಬತ್ತು ಮೀಟರು ಉದ್ದ, ಏಳು ಮೀಟರು ಅಗಲ, ಮೂರೂವರೆ ಮೀಟರು ಎತ್ತರದ ಒಂದು ಕೊಠಡಿಯನ್ನು ತೆಗೆದುಕೊಳ್ಳಿರಿ. ಅದರ ಗಾತ್ರ ಸುಮಾರು 220 ಘನಮೀಟರು. ಸಿಮೆಂಟಿನ ಗೋಡೆ, ಕಲ್ಲುಹಾಸಿನ ನೆಲ. ಶಬ್ದ ಇವುಗಳ ಮೇಲೆ ಬಿದ್ದು ಚೆಂಡಿನಂತೆ ಪುಟಿಯುತ್ತದೆ. ಹೀಗೆ ಪುಟಿಯುವ ಶಬ್ದ 60 ಡೆಸಿಬೆಲ್ ಕುಗ್ಗಲು ಹಿಡಿಯುವ ಕಾಲಕ್ಕೆ ಅನುರಣನಕಾಲವೆಂದು ಹೆಸರು. ಇದನ್ನು ಎಣಿಸುವ ಸೂತ್ರವನ್ನು ಕೊಟ್ಟವನು ಅಮೆರಿಕದ ಸೇಬಿನ್: ಗಾತ್ರವನ್ನು 0.16ರಿಂದ ಗುಣಿಸಿ, ಕೊಠಡಿಯ ಒಟ್ಟು ಶಬ್ದಹೀರಿಕೆಯಿಂದ ಭಾಗಿಸಬೇಕು. ಒಂದು ಚದರಮೀಟರು ತೆರೆದ ಕಿಟಕಿ ಎಷ್ಟು ಶಬ್ದವನ್ನು ನುಂಗುವುದೋ ಅದು ಹೀರಿಕೆಯ ಒಂದು ಮಾನ. ನಮ್ಮ ಖಾಲಿ ಕೊಠಡಿಯ ಹೀರಿಕೆ 12 ಮಾನಗಳೆಂದು ಹಿಡಿದರೆ ಅನುರಣನಕಾಲ ಸುಮಾರು 2.9 ಸೆಕೆಂಡು. ಐವತ್ತು ಮಂದಿ ವಿದ್ಯಾರ್ಥಿಗಳು ಬಂದು ಕುಳಿತು, ತಲಾ 0.4 ಮಾನದಂತೆ ಹೀರಿದರೆ 1.1 ಸೆಕೆಂಡಿಗೆ ಇಳಿಯುತ್ತದೆ. ತರಗತಿಯ ಕೊಠಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಪ್ರಮಾಣ ಸುಮಾರು 0.6 ಸೆಕೆಂಡು. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯನ್ನು ಮುಚ್ಚಬಾರದೆಂಬುದೇ ಇದರ ಉದ್ದೇಶ. ಕೇಳುವ ವಿದ್ಯಾರ್ಥಿ ಈ ಕಲಸುಮೇಲೋಗರದಿಂದ ಮಾತನ್ನು ಆರಿಸಿಕೊಳ್ಳಬಲ್ಲ. ಶ್ರವಣಯಂತ್ರ ತೊಟ್ಟವನ ಪಾಲಿಗೆ ಯಂತ್ರವು ಮಾತನ್ನೂ ಮಾರ್ದನಿಯನ್ನೂ ಒಟ್ಟಿಗೆ ದೊಡ್ಡದು ಮಾಡಿ ಒಪ್ಪಿಸುತ್ತದೆ. ಬೇಕಾದ ಇನ್ನು 27 ಮಾನಗಳನ್ನು ದೊರಕಿಸಲು ಛಾವಣಿಯ ಒಳಮೈಗೆ ತೆಂಗಿನ ನಾರಿನಂಥ ಮೃದುವಾದ ಹಾಸನ್ನು ಹೊದಿಸಿದರೆ ಸಾಕು. ದೊಡ್ಡ ಖರ್ಚೇನೂ ಅಲ್ಲ. ಕಿಟಕಿಗಳನ್ನೇ ತೆರೆದಿಡಬಾರದೆ ಎಂದು ಕೇಳುವ ಚತುರರು, ಆ ಕೊಠಡಿ ಬಿ.ಎಚ್. ರಸ್ತೆಯ ಪಕ್ಕದಲ್ಲಿದ್ದರೆ ಏನಾದೀತೆಂಬುದನ್ನೂ ಯೋಚಿಸಲಿ.

ದೂರದ ಲೆಕ್ಕ ಇನ್ನೂ ಸುಲಭ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 65 ಇದ್ದ ಉಪಾಧ್ಯಾಯರ ಧ್ವನಿ ಎಂಟು ಮೀಟರಿನಲ್ಲಿ 47. ಫ್ಯಾನು, ರಸ್ತೆ, ಪಕ್ಕದ ತರಗತಿ ಇವುಗಳ ಸದ್ದು 50 ಇದ್ದರೆ ಹಿಂದಿನ ಬೆಂಚಿಗೆ ಸದ್ದೇ ಮೇಲು, ಮಾತು ಕೆಳಗು. ಮಂದಶ್ರವಣದ ವಿದ್ಯಾರ್ಥಿಗೆ ಮಾತು ಸದ್ದಿಗಿಂತ ಕಡಮೆಯೆಂದರೂ 15 ಡೆಸಿಬೆಲ್ ಮೇಲಿರಬೇಕು. ಉಪಾಧ್ಯಾಯರ ಕೊರಳಿಗೆ ಸಣ್ಣ ಮೈಕ್ರೊಫೋನೊಂದನ್ನು ತಗುಲಿಸಿ, ಬಾಯಿಂದ 15 ಸೆಂಟಿಮೀಟರು ದೂರದಲ್ಲೇ ಧ್ವನಿಯನ್ನು ಹಿಡಿದು ರೇಡಿಯೋ ಅಲೆಯ ಮೂಲಕ ಶ್ರವಣಯಂತ್ರಕ್ಕೆ ಕಳುಹಿಸಿದರೆ, ಒಂದು ಮೀಟರಿನಲ್ಲಿ ಕುಳಿತವನಿಗಿಂತಲೂ ಸುಮಾರು 16 ಡೆಸಿಬೆಲ್ ಲಾಭ. ಇದೊಂದೂ ಇಲ್ಲದೆಡೆಯಲ್ಲಿ ಕಾಸು ಖರ್ಚಿಲ್ಲದ ಉಪಾಯಗಳಿವೆ: ಮುಂದಿನ ಬೆಂಚು, ಹಲಗೆಯ ಕಡೆಗೆ ತಿರುಗಿಕೊಂಡು ಮಾತನಾಡದಿರುವುದು, ಕಿಟಕಿಗೆ ಬೆನ್ನು ಕೊಟ್ಟು ನಿಂತು ಮುಖವನ್ನು ಕತ್ತಲಾಗಿಸದಿರುವುದು, ಪಾಠದ ಮುಖ್ಯಪದಗಳನ್ನು ಮೊದಲೇ ಬರೆದುಕೊಡುವುದು. ಪೂರ್ಣ ಕಿವುಡರಾದವರಿಗೆ ಸನ್ನೆಭಾಷೆಯ ಅನುವಾದಕರೇ ಬೇಕು. ಅಂಥವರ ಸಂಖ್ಯೆ ನಮ್ಮಲ್ಲಿ ತೀರ ಕಡಮೆ.

ಇಷ್ಟೆಲ್ಲ ಶ್ರಮಪಟ್ಟು ವಿಜ್ಞಾನವನ್ನೇ ಓದಿಸಬೇಕೆ ಎಂದು ಕೇಳುವವರಿಗೆ ನಾವು ಆಕಾಶವನ್ನು ತೋರಿಸಬಯಸುತ್ತೇವೆ. ಜಾನ್ ಗುಡ್‌ರಿಕ್ ಎಂಬವನು ಎಳವೆಯಲ್ಲಿಯೇ ಕಿವುಡನಾದ ಇಂಗ್ಲಿಷ್ ಹುಡುಗ. ಎಡಿನ್‌ಬರೋ ನಗರದಲ್ಲಿ ಥಾಮಸ್ ಬ್ರೇಡ್‌ವುಡ್ ನಡೆಸುತ್ತಿದ್ದ ಕಿವುಡರ ಶಾಲೆಯಲ್ಲಿ ಅವನಿಗೆ ಓದುಬರಹ ದೊರೆಯಿತು; ಆ ಕಾಲದಲ್ಲಿ ಅಂಥ ಭಾಗ್ಯ ಪಡೆದವರು ಬೆರಳೆಣಿಕೆಯಷ್ಟು. ಅವನು ಆಲ್ಗಾಲ್ ಎಂಬ ನಕ್ಷತ್ರವನ್ನು ರಾತ್ರಿ ರಾತ್ರಿ ಕಾದು ನೋಡಿ, ಅದು ಎರಡು ದಿನ ಇಪ್ಪತ್ತೊಂದು ಗಂಟೆಗಳಷ್ಟಕ್ಕೆ ಒಮ್ಮೆ ನಿಯಮಿತವಾಗಿ ಮಂಕಾಗುವುದನ್ನು ಗುರುತಿಸಿ, ಯಾವುದೋ ಒಂದು ಕಾಯ ಅದರ ಮುಂದೆ ಹಾದುಹೋಗುತ್ತಿರಬಹುದೆಂದು ಊಹಿಸಿದನು. ಇದಕ್ಕಾಗಿ 1783ರಲ್ಲಿ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷ ಡೆಲ್ಟಾ ಸೀಫಿ ಎಂಬ ಇನ್ನೊಂದು ನಕ್ಷತ್ರದ ಕಾಂತಿ ಐದು ದಿನಗಳಿಗೊಮ್ಮೆ ಏರಿಳಿಯುವುದನ್ನು ಕಂಡನು. 1786ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ ತೀರಿಕೊಂಡನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುಡ್‌ರಿಕ್ ಗುರುತಿಸಿದ ಆ ನಕ್ಷತ್ರದ ಜಾತಿಗೇ ‘ಸೀಫೀಡ್’ ಎಂಬ ಹೆಸರು ನಿಂತಿತು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ ಈ ಜಾತಿಯ ತಾರೆಗಳನ್ನು ಛಾಯಾಚಿತ್ರಗಳಲ್ಲಿ ಅಳೆಯುತ್ತ, ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರದ ನಿಜಕಾಂತಿ ಹೆಚ್ಚೆಂಬ ನಿಯಮವನ್ನು 1912ರಲ್ಲಿ ಸ್ಥಾಪಿಸಿದಳು. ಅವಳೂ ಕಿವುಡಿ. ಈ ನಿಯಮವನ್ನೇ ಅಳತೆಗೋಲಾಗಿ ಹಿಡಿದು ಹಬಲ್ ಆಂಡ್ರೊಮಿಡ ನೀಹಾರಿಕೆ ನಮ್ಮ ಆಕಾಶಗಂಗೆಯ ಆಚೆಗಿದೆಯೆಂದು ಸಾಧಿಸಿದನು. ವಿಶ್ವವನ್ನು ಅಳೆಯುವ ಗಜಕಡ್ಡಿಯ ಎರಡು ತುದಿಗಳನ್ನೂ ಕೊಟ್ಟವರು ಕಿವುಡರು ಎಂಬುದನ್ನು ಪಠ್ಯಪುಸ್ತಕಗಳು ಏಕೆ ಬರೆಯುವುದಿಲ್ಲವೋ ತಿಳಿಯದು. 1975ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಜಾನ್ ಕಾರ್ನ್‌ಫೋರ್ತ್, ರಾಕೆಟ್ಟಿನ ಸಮೀಕರಣವನ್ನು ಕೊಟ್ಟ ತ್ಸಿಯೋಲ್ಕೋವ್‌ಸ್ಕಿ, ಇವರಿಗೂ ಕಿವಿ ಕೇಳುತ್ತಿರಲಿಲ್ಲ.

ಆಕಾಶದಿಂದ ಭದ್ರಾವತಿಗೆ ಇಳಿಯೋಣ. 1923ರಲ್ಲಿ ಕಬ್ಬಿಣದ ಉತ್ಪಾದನೆಯನ್ನು ಆರಂಭಿಸಿದ ಇಲ್ಲಿಯ ಕಾರ್ಖಾನೆ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡೂ ಊರಿನ ಹಲವು ತಲೆಮಾರುಗಳಿಗೆ ಅನ್ನವಿತ್ತವು. ಇಂಥ ಕಾರ್ಖಾನೆಗಳ ಅಂಗಳ ನಮ್ಮ ವಿಷಯಕ್ಕೆ ಎರಡು ರೀತಿಯಲ್ಲಿ ಸಂಬಂಧಿಸಿದೆ. ಮೊದಲನೆಯದು, ಅಲ್ಲಿ ಸದ್ದೇ ಕಿವುಡನ್ನು ಹುಟ್ಟಿಸಬಲ್ಲದು. ಎಂಟು ಗಂಟೆಗಳ ಕೆಲಸದಲ್ಲಿ ಸದ್ದು 90 ಡೆಸಿಬೆಲ್ ಮೀರಬಾರದೆಂದು ನಮ್ಮ ಕಾರ್ಖಾನೆ ನಿಯಮಗಳು ಮಿತಿಯಿಟ್ಟಿವೆ. 100 ಇದ್ದರೆ ಎರಡೇ ಗಂಟೆ. ಸದ್ದಿನಿಂದ ಬರುವ ಕಿವುಡು ಮೊದಲು 4000 ಹರ್ಟ್ಸ್ ಸುತ್ತಮುತ್ತ ಒಂದು ತಗ್ಗಾಗಿ ತೋರಿ, ನಾವು ಮೇಲೆ ಹೇಳಿದ ಸಕಾರವನ್ನೇ ಮೊದಲು ಕದಿಯುತ್ತದೆ. ಎರಡನೆಯದು ಇದಕ್ಕಿಂತ ಕುತೂಹಲಕರ. ಎಲ್ಲೆಲ್ಲಿ ಸದ್ದು ಮಾತನ್ನು ಮುಳುಗಿಸುವುದೋ ಅಲ್ಲೆಲ್ಲ ಕೇಳುವ ಕೆಲಸಗಾರರೂ ಕೈಭಾಷೆಗೆ ಶರಣಾಗಿದ್ದಾರೆ. ಮೇಲೆ ಕ್ರೇನಿನಲ್ಲಿ ಕುಳಿತ ಚಾಲಕನಿಗೆ ಎತ್ತು, ಇಳಿಸು, ಎಡಕ್ಕೆ, ನಿಲ್ಲಿಸು ಎಂಬುದನ್ನೆಲ್ಲ ಕೆಳಗಿನವನು ತಿಳಿಸುವುದು ಕೈಸನ್ನೆಯಿಂದ. ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಹೆಂಗಸರು ಮಗ್ಗಗಳ ಅಬ್ಬರದಲ್ಲಿ ತುಟಿಗಳ ಅತಿಚಲನೆಯಿಂದಲೇ ಹರಟೆ ಹೊಡೆಯುತ್ತಿದ್ದರಂತೆ. ಟನ್ನುಗಟ್ಟಲೆ ಕಾದ ಕಬ್ಬಿಣವನ್ನು ನಂಬಿಕೆಯಿಂದ ಸನ್ನೆಗೆ ಒಪ್ಪಿಸುವ ನಾವು, ಕಿವುಡ ಫಿಟ್ಟರನೊಬ್ಬನಿಗೆ ಹೇಗೆ ತಿಳಿಸಿಕೊಡುವುದಪ್ಪ ಎಂದು ಚಿಂತಿಸುವುದು ವಿಚಿತ್ರವೇ ಸರಿ.

ಆದರೆ ಕಾಲ ಬದಲಾಗಿದೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು 2023ರ ಆರಂಭದಲ್ಲಿ ಪ್ರಕಟಿಸಿದಾಗ ಊರೇ ಬೀದಿಗಿಳಿಯಿತು. ಲೇತ್ ಯಂತ್ರದ ಮುಂದೆ ಹಿರಿಯರ ಕೈಯನ್ನು ನೋಡಿ ನೋಡಿ ಕಸಬು ಕಲಿಯುವ ದಾರಿ, ಕೇಳುವವರಿಗೂ ಕೇಳದವರಿಗೂ ಸಮನಾಗಿ ಕಿರಿದಾಗುತ್ತಿದೆ. ಈಗಿನ ಕೆಲಸಗಳು, ಲೆಕ್ಕಪತ್ರವಿರಲಿ, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದಿರಲಿ, ಸಂಖ್ಯಾನಿಯಂತ್ರಿತ ಯಂತ್ರ ನಡೆಸುವುದಿರಲಿ, ಎಲ್ಲವೂ ಓದನ್ನು ಬೇಡುತ್ತವೆ. ಕಿವಿಯನ್ನು ಹೆಚ್ಚಾಗಿ ಬೇಡುವುದಿಲ್ಲ, ಭಾಷೆಯನ್ನು ಬೇಡುತ್ತವೆ. ಆದುದರಿಂದಲೇ ಮೊದಲ ಆರು ತಿಂಗಳ ಲೆಕ್ಕವನ್ನು ನಾವು ಅಷ್ಟು ಹೊತ್ತು ಹಿಡಿದು ಜಗ್ಗಿದ್ದು. ಹಿಂದೆ ಭಾಷೆಯ ಕೊರತೆಯನ್ನು ಕೈಚಳಕ ಮುಚ್ಚಿಹಾಕುತ್ತಿತ್ತು. ಇನ್ನು ಮುಂದೆ ಅದು ಕಷ್ಟ.

ಕಾಯಿದೆಯ ಬಾಗಿಲುಗಳೇನೋ ತೆರೆದಿವೆ. 2016ರ ಅಧಿನಿಯಮ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ ನಾಲ್ಕನ್ನೂ, ಅದರೊಳಗೆ ಕಿವುಡರಿಗೂ ಮಂದಶ್ರವಣರಿಗೂ ಸೇರಿ ಒಂದನ್ನೂ ಮೀಸಲಿಟ್ಟಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ಐದು ಸ್ಥಾನಗಳಿಗೆ ಕಡಮೆಯಾಗದಂತೆ ಅಂಗವಿಕಲರಿಗೆ ಕಾಯ್ದಿರಿಸಬೇಕೆಂದಿದೆ. ಸನ್ನೆಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸುವ ಹೊಣೆಯನ್ನೂ ಹೊರಿಸಿದೆ. ಕನ್ನಡನಾಡಿನಲ್ಲಿ ಈ ಕೆಲಸದ ಬೇರು ಹಳೆಯದು: ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡರಿಗೂ ಕುರುಡರಿಗೂ ಶಾಲೆ ತೆರೆದದ್ದು 1901ರಲ್ಲಿ. ಅದೇ ಊರಿನಲ್ಲಿ 1991ರಲ್ಲಿ ಆರಂಭವಾದ ಜೆ.ಎಸ್.ಎಸ್. ಅಂಗವಿಕಲರ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರು, ಕಟ್ಟಡ ವಿನ್ಯಾಸ, ಆಭರಣ ವಿನ್ಯಾಸಗಳಂಥ ಡಿಪ್ಲೊಮಾಗಳಿಗೆ ಕಿವುಡ ವಿದ್ಯಾರ್ಥಿಗಳು ಸೇರುತ್ತಾರೆ. ಶಿವಮೊಗ್ಗದಿಂದ ಮೈಸೂರಿಗೆ ಸುಮಾರು 250 ಕಿಲೋಮೀಟರು. ಹದಿನಾರು ವರ್ಷದ ಮಗಳನ್ನು, ಮಾತು ಬಾರದೆಂಬ ಭಯದಿಂದ ಪಕ್ಕದ ಬೀದಿಗೂ ಒಬ್ಬಳನ್ನೇ ಕಳುಹಿಸದ ಮನೆಯವರಿಗೆ, ಆ ದೂರ ಕಿಲೋಮೀಟರುಗಳಲ್ಲಿ ಅಳೆಯುವಂಥದಲ್ಲ. ಅಂಥ ಶಿಕ್ಷಣ ಜಿಲ್ಲೆಯ ಪಾಲಿಟೆಕ್ನಿಕ್ಕುಗಳಲ್ಲಿ, ಐ.ಟಿ.ಐ.ಗಳಲ್ಲಿಯೇ ದೊರೆಯುವಂತಾಗಬೇಕು, ಅದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಒಬ್ಬಿಬ್ಬರು ಅನುವಾದಕರು.

ಖಾಸಗಿ ಉದ್ಯಮದಲ್ಲಿಯೂ ದೃಷ್ಟಾಂತಗಳಿವೆ. ಹೊಸೂರಿನ ಟೈಟನ್ ಗಡಿಯಾರದ ಕಾರ್ಖಾನೆ ಕಿವುಡರನ್ನು ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ತೆಗೆದುಕೊಂಡಿತು. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿಯನ್ನು ಊರೂರಿಗೆ ಹರಡಿದ ಕೆಫೆ ಕಾಫಿ ಡೇ ತನ್ನ ಅಂಗಡಿಗಳಲ್ಲಿ ಕಾಫಿ ಬೆರೆಸುವ ಕೆಲಸಕ್ಕೆ ಅವರನ್ನು ನೇಮಿಸಿತು. ಕಿವುಡರಿಗೆ ವಾಹನ ಚಾಲನೆಯ ಪರವಾನಗಿ ಕೊಡಬಾರದೆಂಬ ರೂಢಿಯನ್ನು ದೆಹಲಿಯ ಉಚ್ಚ ನ್ಯಾಯಾಲಯ 2011ರಲ್ಲಿ ಮುರಿಯಿತು. ಕೇಳುವ ವಿದ್ಯಾರ್ಥಿಗಳಿಗೂ ಇಲ್ಲಿ ಉದ್ಯೋಗಗಳುಂಟು: ಶ್ರವಣಪರೀಕ್ಷಕರು, ವಿಶೇಷ ಶಿಕ್ಷಕರು, ಸನ್ನೆಭಾಷೆಯ ಅನುವಾದಕರು, ಎಲ್ಲರಿಗೂ ಬೇಡಿಕೆಯಿದೆ.

ಕೆಲಸಗಳ ಬಾಗಿಲನ್ನು ಕಿವುಡರಿಗೆ ಬಹುಕಾಲ ಮುಚ್ಚಿದ್ದು ಯಾವುದೆಂದು ಕೇಳಿದರೆ ವಾಚಕರು ಆಶ್ಚರ್ಯಪಟ್ಟಾರು: ಟೆಲಿಫೋನು. ಅದನ್ನು 1876ರಲ್ಲಿ ನಿರ್ಮಿಸಿದ ಗ್ರಹಾಂ ಬೆಲ್ ವೃತ್ತಿಯಿಂದ ಕಿವುಡರ ಶಿಕ್ಷಕ. ಅವನ ತಾಯಿಯೂ ಹೆಂಡತಿಯೂ ಕಿವುಡಿಯರು. ಕಚೇರಿಗಳೆಲ್ಲ ಟೆಲಿಫೋನಿಗೆ ಕಟ್ಟುಬಿದ್ದ ಮೇಲೆ, ಕರೆಗೆ ಉತ್ತರಿಸಲಾರದವನಿಗೆ ಗುಮಾಸ್ತೆಯ ಕೆಲಸವೂ ಇಲ್ಲವಾಯಿತು. ಆ ಬಾಗಿಲನ್ನು ಮೊದಲು ತೆರೆದವನು ಕಿವುಡನಾದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್. ದೂರಮುದ್ರಣ ಯಂತ್ರದ ಅಕ್ಷರಗಳನ್ನು ಸ್ವರಗಳಾಗಿ ಮಾರ್ಪಡಿಸಿ ಸಾಧಾರಣ ಟೆಲಿಫೋನು ತಂತಿಯಲ್ಲಿಯೇ ಕಳುಹಿಸುವ ಸಾಧನವನ್ನು ಅವನು 1964ರಲ್ಲಿ ರಚಿಸಿದನು. ಇಂದು ಪ್ರತಿಯೊಬ್ಬರ ಜೇಬಿನಲ್ಲಿರುವ ಫೋನಿನಲ್ಲಿ ಬರಹ ಹೋಗುತ್ತದೆ, ಚಿತ್ರ ಹೋಗುತ್ತದೆ. ಇಬ್ಬರು ಕಿವುಡರು ಭದ್ರಾವತಿ ಶಿವಮೊಗ್ಗಗಳಲ್ಲಿ ಕುಳಿತು ಪರದೆಯ ಮೇಲೆ ಸನ್ನೆಯಲ್ಲಿ ಮಾತನಾಡಬಹುದು. ಹೀಗಿರುವಾಗಲೂ ಕೆಲಸದ ಜಾಹೀರಾತಿನಲ್ಲಿ ಕೇವಲ ಕರೆ ಮಾಡತಕ್ಕ ಸಂಖ್ಯೆಯೊಂದನ್ನು ಕೊಟ್ಟು ಸುಮ್ಮನಾಗುವವರಿದ್ದಾರೆ.

ಕೊನೆಗೆ, ನಮ್ಮ ಪ್ರಯೋಗಶಾಲೆಯ ಮಾತು. ಕಿವುಡ ವಿದ್ಯಾರ್ಥಿ ಭೌತಶಾಸ್ತ್ರಕ್ಕೆ ಬಂದರೆ ಧ್ವನಿಯ ಪ್ರಯೋಗಗಳ ಗತಿಯೇನೆಂಬ ಶಂಕೆಯನ್ನು ನಾವು ಸಹೋದ್ಯೋಗಿಗಳ ಬಾಯಲ್ಲಿ ಕೇಳಿದ್ದುಂಟು. ಮೆಲ್ಡೆಯ ಪ್ರಯೋಗದಲ್ಲಿ ದಾರದ ಕುಣಿಕೆಗಳನ್ನು ಎಣಿಸುವುದು ಕಣ್ಣಿನಿಂದ. ಕುಂಟನ ನಾಳದಲ್ಲಿ ಪುಡಿ ಗುಡ್ಡೆಗುಡ್ಡೆಯಾಗಿ ನಿಲ್ಲುವುದನ್ನು ಅಳೆಯುವುದು ಕಣ್ಣಿನಿಂದ. ಸ್ವರಮಾಪಕದ ತಂತಿ ಶ್ರುತಿಕವೆಯೊಡನೆ ಮೇಳವಾಯಿತೆಂದು ನಾವೆಲ್ಲ ತಿಳಿಯುವುದು ತಂತಿಯ ಮೇಲೆ ಕೂರಿಸಿದ ಕಾಗದದ ಸವಾರ ಚಿಮ್ಮಿ ಬಿದ್ದಾಗ. ಕಿವಿಯನ್ನು ಬೇಡುವುದು ಅನುರಣನ ನಾಳವೊಂದೇ. ಅದರ ಬಾಯಿಗೆ ಮೈಕ್ರೊಫೋನೊಂದನ್ನು ಹಿಡಿದು ಆಸಿಲೊಸ್ಕೋಪಿಗೆ ಸೇರಿಸಿದರೆ, ಅಲೆ ಯಾವ ಎತ್ತರದಲ್ಲಿ ಅತ್ಯಂತ ದೊಡ್ಡದಾಯಿತೆಂಬುದು ಮಿಲಿಮೀಟರಿನವರೆಗೂ ತಿಳಿಯುತ್ತದೆ. ಕಿವಿಯಿಂದ ಮಾಡಿದವರ ಅಳತೆಗಳಲ್ಲಿ ಬರುವ ವ್ಯತ್ಯಾಸ ಇದಕ್ಕಿಂತ ಹೆಚ್ಚು.